ತೂಕ ಇಳಿಸಲು ನೀರು ಬಿಡುವ ಹುಡುಗರು

ಮಾನ್ಯ ಸಂಪಾದಕರೇ,

ಯುಗಾದಿ ದಾಟಿದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಊರೂರಲ್ಲಿ ಜಾತ್ರೆ. ಜಾತ್ರೆ ಅಂದಮೇಲೆ ಕಬಡ್ಡಿ. ‘55 ಕೆ.ಜಿ. ವಿಭಾಗ’, ‘65 ಕೆ.ಜಿ. ವಿಭಾಗ’ ಎಂದು ಬ್ಯಾನರ್ ಕಟ್ಟುತ್ತಾರೆ. ಅದೇ ಹೊತ್ತಿಗೆ ಬಿಸಿಲೂ 40 ಡಿಗ್ರಿ ಮುಟ್ಟಿರುತ್ತದೆ. 57 ಕೆ.ಜಿ. ತೂಗುವ ಹುಡುಗ 55ರ ತಂಡಕ್ಕೆ ಸೇರಬೇಕೆಂದು ಹಿಂದಿನ ದಿನದಿಂದಲೇ ನೀರು ಮುಟ್ಟುವುದಿಲ್ಲ. ಸ್ವೆಟರ್ ಹಾಕಿಕೊಂಡು ಓಡುತ್ತಾನೆ, ಬಾಯಿ ಒಣಗುವವರೆಗೆ ಉಗುಳುತ್ತಾನೆ. ತೂಕದ ಕಾಟಾದಿಂದ ಇಳಿದದ್ದೇ ತಡ, ಬಾಟಲಿಗಟ್ಟಲೆ ನೀರು ಗಟಗಟ ಕುಡಿದು ಅಂಕಣಕ್ಕೆ ಹೋಗುತ್ತಾನೆ. ಆಯೋಜಕರು, ತರಬೇತುದಾರರು, ಪಾಲಕರು ಎಲ್ಲರಿಗೂ ಇದು ಗೊತ್ತು. ಇದು ನಿಲ್ಲಬೇಕು.

ಒಂದೇ ದಿನದಲ್ಲಿ ಇಳಿದ ಆ 2 ಕೆ.ಜಿ. ಕೊಬ್ಬಲ್ಲ, ಬಹುಪಾಲು ನೀರು. ಅವನ ಮೈತೂಕದ ಶೇ 3.5ರಷ್ಟು. ಶೇ 2 ದಾಟಿದರೇ ಆಟ ಕುಸಿಯತೊಡಗುತ್ತದೆ. ಬೆವರಿನ ನೀರು ಬರುವುದು ರಕ್ತದಿಂದ. ರಕ್ತ ತಗ್ಗಿದಾಗ ಹೃದಯ ಅಷ್ಟೇ ಕೆಲಸಕ್ಕೆ ಹೆಚ್ಚು ಸಲ ಬಡಿಯಬೇಕಾಗುತ್ತದೆ, ಆದರೂ ಸ್ನಾಯುವಿಗೂ ಚರ್ಮಕ್ಕೂ ರಕ್ತ ಸಾಲುವುದಿಲ್ಲ. ಚರ್ಮಕ್ಕೆ ರಕ್ತ ಬಾರದಿದ್ದರೆ ಮೈಯೊಳಗಿನ ಕಾವು ಹೊರಗೆ ಹೋಗುವ ದಾರಿಯೇ ಕಟ್ಟಿದಂತೆ. ತೂಕ ಕೊಟ್ಟ ಮೇಲೆ ಕುಡಿದ ನೀರು ಈ ಕೊರತೆಯನ್ನು ಅರ್ಧ ಗಂಟೆಯಲ್ಲಿ ತುಂಬಲಾರದು, ಅದಕ್ಕೆ ಕೆಲವು ತಾಸುಗಳೇ ಬೇಕು. ಹೊಟ್ಟೆಯಲ್ಲಿ ಕುಲುಕುವ ನೀರಿನೊಂದಿಗೆ ರೇಡಿಗೆ ಹೋದ ಹುಡುಗ ವಾಂತಿ ಮಾಡಿಕೊಳ್ಳುವುದು ಇದರಿಂದಲೇ.

1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಬೆವರಿಳಿಸುವ ರಬ್ಬರ್ ಉಡುಪು, ಬಿಸಿ ಕೋಣೆಗಳನ್ನು ನಿಷೇಧಿಸಿದರು. ಮೂತ್ರದ ಸಾಂದ್ರತೆ (ಮೈಯಲ್ಲಿ ನೀರು ಕಡಿಮೆಯಾದಷ್ಟೂ ಇದು ಏರುತ್ತದೆ) 1.020 ಮೀರದಿದ್ದಾಗ ಮಾತ್ರ ಪಟು ಇಳಿಯಬಹುದಾದ ಕನಿಷ್ಠ ತೂಕ ಗೊತ್ತುಮಾಡುವುದು, ವಾರಕ್ಕೆ ಮೈತೂಕದ ಶೇ 1.5ಕ್ಕಿಂತ ಹೆಚ್ಚು ಇಳಿಸಬಾರದು ಎಂಬ ನಿಯಮಗಳು ಬಂದವು. ನಮ್ಮ ಊರಿನ ಸಮಿತಿಗಳಿಗೂ ಇದು ಕಷ್ಟವಲ್ಲ. ಟೂರ್ನಿಗೆ 15 ದಿನ ಮೊದಲು ಪ್ರತಿ ಆಟಗಾರನ ತೂಕ ಬರೆದುಕೊಳ್ಳಿ. ಆಟದ ದಿನ ಅದರಲ್ಲಿ ಶೇ 3ಕ್ಕಿಂತ ಹೆಚ್ಚು ಇಳಿದಿದ್ದರೆ ಅವನನ್ನು ಮೇಲಿನ ವಿಭಾಗಕ್ಕೆ ಕಳಿಸಿ. ಅನುಮಾನ ಬಂದರೆ ಮೂತ್ರ ಪರೀಕ್ಷೆಯ ಪಟ್ಟಿ (ಸ್ಟ್ರಿಪ್) ಸಾಂದ್ರತೆ ಹೇಳುತ್ತದೆ, ಅದನ್ನು ಔಷಧ ಅಂಗಡಿಯಿಂದ ತರಿಸಬಹುದು.

ತೂಕ ಇಳಿಸದ ಆಟಗಾರರ ನೀರಿನ ಲೆಕ್ಕವೂ ನಮ್ಮಲ್ಲಿ ಸರಿಯಿಲ್ಲ. ನಮ್ಮ ಕಡೆಯದು ಒಣ ಬಿಸಿಲು. ಕರಾವಳಿಯಂತೆ ಇಲ್ಲಿ ಬೆವರು ತೊಟ್ಟಿಕ್ಕುವುದು ಕಡಿಮೆ, ಬಂದಂತೆಯೇ ಆರಿಹೋಗುತ್ತದೆ. ಹೀಗಾಗಿ ಎಷ್ಟು ಹೋಯಿತೆಂದು ಆಡುವವನಿಗೇ ತಿಳಿಯದು. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿದಾಗಲೇ ಗೊತ್ತಾಗುವುದು. ಬಾಯಾರಿಕೆಯನ್ನೇ ನಂಬಿ ಕೂಡದೆ ಕಾಟಾ ಬಳಸಿ. 100 ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ಕಾಟಾ ಸಾಕು. ಅದನ್ನು ಮ್ಯಾಟಿನ ಮೇಲಲ್ಲ, ಗಟ್ಟಿ ನೆಲದ ಮೇಲೆ ಇಡಬೇಕು. ಅಭ್ಯಾಸಕ್ಕೆ ಮೊದಲು ಮೂತ್ರಕ್ಕೆ ಹೋಗಿ ಬಂದು, ಚಡ್ಡಿಯಲ್ಲಷ್ಟೇ ನಿಂತು ತೂಕ ನೋಡಿ. ಒಂದು ತಾಸು ಆಡಿದ ಮೇಲೆ ಮೈ ಒರೆಸಿ, ಬೆವರು ಹೀರಿದ ಬಟ್ಟೆ ತೆಗೆದು ಮತ್ತೆ ನೋಡಿ. ಹಸಿ ಅಂಗಿಯಲ್ಲೇ ನಿಂತರೆ ಹೋದ ಬೆವರು ಕಡಿಮೆ ಕಾಣುತ್ತದೆ. 62 ಕೆ.ಜಿ. ಇದ್ದವನು ನಡುವೆ ಅರ್ಧ ಲೀಟರ್ ಕುಡಿದೂ 61.2ಕ್ಕೆ ಇಳಿದರೆ ಅವನ ಬೆವರು ತಾಸಿಗೆ 1.3 ಲೀಟರ್. ಪಕ್ಕದವನದು ಅರ್ಧ ಲೀಟರ್ ಇರಬಹುದು, 2 ಲೀಟರೂ ಇರಬಹುದು. ಇಡೀ ತಂಡಕ್ಕೆ ಒಂದೇ ಅಳತೆ ಹೇಳುವುದು ತಪ್ಪಾಗುವುದು ಈ ಕಾರಣಕ್ಕೆ.

ಆ 62 ಕೆ.ಜಿ. ಹುಡುಗ ಆಟಕ್ಕೆ ನಾಲ್ಕು ತಾಸು ಮೊದಲು 300ರಿಂದ 400 ಮಿ.ಲೀ. ಕುಡಿದಿರಲಿ. ಆಟದಲ್ಲಿ ಕಾಲು ತಾಸಿಗೆ 200 ಮಿ.ಲೀ. ಸಾಕು. ಕಬಡ್ಡಿಯಲ್ಲಿ 30 ಸೆಕೆಂಡಿನ ಟೈಮ್‌ಔಟ್‌ಗಳಲ್ಲಿ ಎರಡು ಮೂರು ಗುಟುಕು, 5 ನಿಮಿಷದ ವಿರಾಮದಲ್ಲಿ ಒಂದು ಲೋಟ. ಹೋದದ್ದನ್ನೆಲ್ಲ ಆಡುತ್ತಲೇ ತುಂಬಬೇಕೆಂದಿಲ್ಲ, ಕೊರತೆ ಶೇ 2ರೊಳಗೆ ಇದ್ದರಾಯಿತು. ಉಳಿದದ್ದನ್ನು ಆಮೇಲೆ, ಇಳಿದ ಪ್ರತಿ ಕೆ.ಜಿ.ಗೆ ಒಂದೂಕಾಲರಿಂದ ಒಂದೂವರೆ ಲೀಟರಿನಂತೆ ನಿಧಾನ ಕುಡಿಯಲಿ. ನಿಜವಾದ ತೊಂದರೆ ಇರುವುದು ಒಂದೇ ದಿನ ಮೂರು ನಾಲ್ಕು ಪಂದ್ಯ ಆಡಿಸುವಲ್ಲಿ. ಮೊದಲ ಪಂದ್ಯದ ಕೊರತೆ ಎರಡನೆಯದಕ್ಕೆ, ಎರಡರದ್ದೂ ಮೂರನೆಯದಕ್ಕೆ ಸೇರುತ್ತ ಹೋಗಿ ಸೆಮಿಫೈನಲ್ ಹೊತ್ತಿಗೆ ಮೀನಖಂಡ ಹಿಡಿಯುತ್ತದೆ. (ಸೆಳೆತಕ್ಕೆ ಬೆವರೊಂದೇ ಕಾರಣವಲ್ಲ, ದಣಿದ ಸ್ನಾಯುವೂ ಕಾರಣ.) ಒಂದೇ ತಂಡದ ಎರಡು ಪಂದ್ಯಗಳ ನಡುವೆ ಎರಡು ತಾಸಾದರೂ ಬಿಡುವಂತೆ ವೇಳಾಪಟ್ಟಿ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಒಂದು ತಾಸಿನ ಆಟಕ್ಕೆ ಬರೀ ನೀರು ಸಾಕು. ಅದಕ್ಕೂ ಮೀರಿದರೆ ಉಪ್ಪು ಬೇಕು: 1 ಲೀಟರ್ ನೀರಿಗೆ ದೊಡ್ಡ ಚಮಚದಲ್ಲಿ 4 ಚಮಚ ಸಕ್ಕರೆ, ಸಣ್ಣ ಚಮಚದಲ್ಲಿ ಕಾಲು ಚಮಚ ಉಪ್ಪು, ಒಂದು ನಿಂಬೆಹಣ್ಣು. ಸಕ್ಕರೆ ಇದರ ಎರಡರಷ್ಟಾದರೆ ನೀರು ಹೊಟ್ಟೆಯಲ್ಲೇ ನಿಲ್ಲುತ್ತದೆ. ಪಂದ್ಯದ ನಡುವೆ ಹಣ್ಣಿನ ಜ್ಯೂಸ್, ಕಬ್ಬಿನಹಾಲು ಬೇಡ ಎನ್ನುವುದು ಇದಕ್ಕೇ. ಪಂದ್ಯಗಳ ನಡುವಿನ ಬಿಡುವಿಗೆ ನಮ್ಮ ಉಪ್ಪು ಹಾಕಿದ ತೆಳು ಮಜ್ಜಿಗೆಗಿಂತ ಒಳ್ಳೆಯದು ಕಾಣೆ. ಒಆರ್‌ಎಸ್ ಪುಡಿಯ 1 ಲೀಟರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಕಲಸಬೇಡಿ, ಉಪ್ಪು ವಿಪರೀತವಾಗುತ್ತದೆ.

ಹೆಚ್ಚು ಕುಡಿದರೆ ಹೆಚ್ಚು ಒಳ್ಳೆಯದು ಎಂಬುದೂ ಸುಳ್ಳು. ದೂರದ ಸೈಕಲ್ ರೇಸಿನಲ್ಲಿ ಬೆವರಿಗಿಂತ ಹೆಚ್ಚು ಬರೀ ನೀರು ಕುಡಿದವನ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಕೊನೆಗೆ ಫಿಟ್ಸ್ ಬರಬಹುದು. ರೇಸ್ ಮುಗಿದಾಗ ತೂಕ ಏರಿದ್ದರೆ ಅದೇ ಎಚ್ಚರಿಕೆ.

ಇನ್ನೊಂದು ಸಿದ್ಧತೆ ಪ್ರತಿ ಮೈದಾನದಲ್ಲೂ ಇರಲೇಬೇಕು. ಆಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡಿದರೆ, ತೂರಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ಬಾಯಿಗೆ ನೀರು ಸುರಿಯಬೇಡಿ, ಉಸಿರಿನ ಕೊಳವೆಗೆ ಇಳಿಯುತ್ತದೆ. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಉಳಿದವರು ಅವನನ್ನು ತಾಡಪತ್ರಿಯ ಮೇಲೆ ಮಲಗಿಸಿ, ನಾಲ್ಕೂ ಅಂಚು ಎತ್ತಿ ಹಿಡಿದು, 150 ಲೀಟರಿನಷ್ಟು ನೀರು ಮತ್ತು ಐಸ್ ಸುರಿದು ಅಲುಗಾಡಿಸುತ್ತಿರಬೇಕು. ತಲೆ ನೀರಿನಿಂದ ಮೇಲಿರಲಿ. ಆಂಬುಲೆನ್ಸ್ ಬಂದಿದೆಯೆಂದು ತಂಪು ಮಾಡುವುದನ್ನು ಅರ್ಧಕ್ಕೆ ಬಿಡಬೇಡಿ. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಜಾತ್ರೆಯಲ್ಲಿ ನೀರಿನ ಟ್ಯಾಂಕರ್ ಹೇಗೂ ಬಂದಿರುತ್ತದೆ, ಪೆಂಡಾಲಿನವರ ಬಳಿ ತಾಡಪತ್ರಿ ಇರುತ್ತದೆ. ಐಸನ್ನು ಮಾತ್ರ ಬೆಳಿಗ್ಗೆಯೇ ತರಿಸಿ ಹೊಟ್ಟಿನಲ್ಲಿ ಮುಚ್ಚಿಡಬೇಕು.

– ದೈಹಿಕ ಶಿಕ್ಷಣ ಶಿಕ್ಷಕರು, ವಿಜಯಪುರ