ಭಾನುವಾರದ ಓದಿಗೆ ಮುನ್ನ: ತೂಕದ ಲೆಕ್ಕ

ಮೈಸೂರಿನ ವೈದ್ಯಗ್ರಂಥ ಓದುಬಳಗದ ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯಿಂದ ಔಷಧಿ ಎಣ್ಣೆ-ತುಪ್ಪ ಕಾಯಿಸುವ ಪಾಕ ಓದುತ್ತೇವೆ. ದಯವಿಟ್ಟು ಮಾಗಧ ಮಾನವನ್ನು, ಎಂದರೆ ಅದರಲ್ಲಿ ಬರುವ ತೂಕದ ಪದ್ಧತಿಯನ್ನು, ಗಟ್ಟಿ ಮಾಡಿಕೊಂಡು ಬನ್ನಿ. 1 ಕರ್ಷ ಸುಮಾರು 12 ಗ್ರಾಂ, ಹಳೆಯ ತೊಲದ ಆಸುಪಾಸು. 4 ಕರ್ಷಕ್ಕೆ 1 ಪಲ, 4 ಪಲಕ್ಕೆ 1 ಕುಡವ, 4 ಕುಡವಕ್ಕೆ 1 ಪ್ರಸ್ಥ.

ಎಡವುವುದು ಇಲ್ಲೇ: ಪ್ರಸ್ಥ ಮತ್ತು ಅದಕ್ಕೂ ಮೇಲಿನ ಅಳತೆಗಳಲ್ಲಿ ದ್ರವವನ್ನೂ ಹಸಿ ಮೂಲಿಕೆಯನ್ನೂ ಇಮ್ಮಡಿ ಹಿಡಿಯಬೇಕು. ಪ್ರಸ್ಥ ಎಣ್ಣೆ ಎಂದರೆ 16 ಪಲವಲ್ಲ, 32. ಇದನ್ನು ಮರೆತರೆ ಕಲ್ಕ (ಅರೆದ ಮೂಲಿಕೆಯ ಮುದ್ದೆ) 1, ಎಣ್ಣೆ 4, ದ್ರವ 16 ಎಂಬ ಪ್ರಮಾಣವೇ ತಾಳೆಯಾಗದು. ಗ್ರಂಥದ ಪಾಠವೇ ತಪ್ಪಿದೆ ಎಂದು ಸುಮ್ಮನೆ ತಿದ್ದಲು ಹೊರಡುತ್ತೇವೆ. ಆದರೆ ಅಮೃತಬಳ್ಳಿ, ಆಡುಸೋಗೆಗಳನ್ನು ಹಸಿಯಾಗಿಯೇ ಬಳಸಿದರೂ ಇಮ್ಮಡಿ ಇಲ್ಲ.

ಪಾಕ ಮುಗಿದ ಗುರುತುಗಳಂತೂ ಬಲು ಸೊಗಸು. ಕಲ್ಕ ಬೆರಳಲ್ಲಿ ಬತ್ತಿಯಾಗಿ ಹೊಸೆಯಬೇಕು, ಬೆಂಕಿಗೆ ಹಾಕಿದರೆ ಚಟಪಟ ಎನ್ನಬಾರದು. ಸದ್ದಾದರೆ ನೀರು ಉಳಿದಿದೆ. ಎಣ್ಣೆಯಲ್ಲಿ ನೊರೆ ಏಳುತ್ತದೆ, ತುಪ್ಪದಲ್ಲಿ ಅಡಗುತ್ತದೆ.

ಸಮಯ ಉಳಿದರೆ ನಾಡಿಪರೀಕ್ಷೆಯ ಶ್ಲೋಕಗಳು. ಚರಕ, ಸುಶ್ರುತರಲ್ಲಿ ಇದು ಇಲ್ಲ. ಓದಿಗಷ್ಟೇ ಈ ಲೆಕ್ಕ, ಮನೆಯಲ್ಲಿ ಯಾರೂ ಔಷಧಿ ಕಾಯಿಸಬೇಡಿ.