ಬಲಗಡೆ ಒಬ್ಬ, ಎಡಗಡೆ ಒಬ್ಬ

ಪ್ರೀತಿಯ ಮಗಳೇ,

ಭಾನುವಾರ ಸಂಜೆ ನೀನು ಫೋನ್ ಮಾಡಿದಾಗ ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿತ್ತು. ಪಪ್ಪ ಪಕ್ಕದಲ್ಲೇ ನಿಂತು ಹುಳಿ ಸಾಲದು ಎನ್ನುತ್ತಿದ್ದರು. ಅಂಥ ಹೊತ್ತಿನಲ್ಲಿ ಯೇಸುಸ್ವಾಮಿಯ ಶಿಷ್ಯ ಪೇತ್ರನ ವಿಷಯ ಮಾತನಾಡುವುದು ಹೇಗೆ? ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ. ಆದರೆ ನಿನ್ನ ಸಂಡೇ ಸ್ಕೂಲಿನ ಆ ಹುಡುಗನ ಪ್ರಶ್ನೆ ತಲೆಯಲ್ಲೇ ಉಳಿಯಿತು. "ಟೀಚರ್, ಪೇತ್ರ ಒಳ್ಳೆಯವನೋ ಕೆಟ್ಟವನೋ?" ನೀನು "ಮೊದಲು ತಪ್ಪು ಮಾಡಿದ, ಆಮೇಲೆ ಒಳ್ಳೆಯವನಾದ" ಎಂದೆಯಂತೆ. ಹುಡುಗನ ಮುಖ ನೋಡಿದರೆ ಒಪ್ಪಿದ ಹಾಗೆ ಕಾಣಲಿಲ್ಲ ಎಂದೆ. ನಾನೂ ಒಪ್ಪುವುದಿಲ್ಲ, ಮಗಳೇ.

ನಿನ್ನ ಆ "ಆಮೇಲೆ" ಯಾವಾಗಿನದು? ಪಂಚಾಶತ್ತಮ ದಿನದಲ್ಲಿ, ಅಂದರೆ ಈಸ್ಟರಿನಿಂದ ಐವತ್ತನೆಯ ದಿನ, ಪೇತ್ರ ಎದ್ದು ನಿಂತು ಜನರ ಗುಂಪಿಗೆ ಎದೆಗೊಟ್ಟು ಸಾರಿದ, ಸರಿ. ಸೆರೆಮನೆ ಕಂಡ. ಯೆಹೂದ್ಯನಲ್ಲದ ರೋಮಿನ ಶತಾಧಿಪತಿ ಕೊರ್ನೇಲ್ಯನ ಮನೆಯ ಹೊಸ್ತಿಲು ದಾಟಿದ, ಅದೂ ಸಣ್ಣ ಮಾತಲ್ಲ. ಅದೆಲ್ಲ ಆದ ಮೇಲೆ ಅಂತಿಯೋಕ್ಯಕ್ಕೆ ಬಂದ. ಅಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕುಳಿತು ಊಟ ಮಾಡುತ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದರು (ಈ ಯಾಕೋಬ ಯೇಸುಸ್ವಾಮಿಯ ಸಹೋದರ, ಜೆಬೆದಾಯನ ಮಗನಲ್ಲ). ಅವರು ಬಂದದ್ದೇ ತಡ, ಪೇತ್ರ ಮೆಲ್ಲಗೆ ಎದ್ದು ಬೇರೆ ಪಂಕ್ತಿಗೆ ಹೋದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು, ಅಪೊಸ್ತಲ ಪೌಲನ ಜೊತೆಗಾರ, ಬಾರ್ನಬನಂಥ ಬಾರ್ನಬನೂ ಎದ್ದ. ಪಂಕ್ತಿಭೇದ ಎಂದರೇನೆಂದು ನಮ್ಮ ನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪೌಲ ಎಲ್ಲರ ಮುಂದೆ ಅವನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಅವನೇ ಅದನ್ನು ಬರೆದಿದ್ದಾನೆ. ಪೇತ್ರ ಏನು ಉತ್ತರ ಕೊಟ್ಟ ಎಂಬುದನ್ನು ಮಾತ್ರ ಬರೆದಿಲ್ಲ. ಜಗಳದ ಕಥೆಯನ್ನು ಒಂದು ಕಡೆಯವರೇ ಹೇಳುವಾಗ ಹೀಗೇ ಆಗುತ್ತದೆ.

ಪೇತ್ರನ ಕಾಯಿಲೆಗೆ ನಮ್ಮಲ್ಲಿ ಒಳ್ಳೆಯ ಹೆಸರಿದೆ: ನಾಲ್ಕು ಜನ ಏನೆಂದುಕೊಂಡಾರು. ಯೇಸುಸ್ವಾಮಿಯನ್ನು ಹಿಡಿದೊಯ್ದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಆದದ್ದೂ ಅದೇ. ಕೆಲವೇ ಗಂಟೆಗಳ ಹಿಂದೆ ಗೆತ್ಸೆಮನೆಯ ತೋಟದಲ್ಲಿ, ಆಯುಧ ಹಿಡಿದು ಬಂದವರ ಎದುರು ಕತ್ತಿ ಹಿರಿದು ಮಲ್ಕನೆಂಬ ಆಳಿನ ಕಿವಿ ಕತ್ತರಿಸಿದವನು ಅವನು. ಅಂಥವನು ಚಳಿ ಕಾಯಿಸಿಕೊಳ್ಳುತ್ತಿದ್ದಾಗ ಕೆಲಸದ ಹುಡುಗಿಯೊಬ್ಬಳು ಮುಖ ನೋಡಿ, ನೀನೂ ಯೇಸುವಿನ ಜೊತೆಗಿದ್ದವನಲ್ಲವೇ ಎಂದು ಕೇಳಿದ್ದಕ್ಕೆ ಬೆವತುಹೋದ. ಕಡೆಗೆ ಸುತ್ತ ನಿಂತವರು, ನಿನ್ನ ಮಾತೇ ನೀನು ಗಲಿಲಾಯದವನೆಂದು ಹೇಳುತ್ತದೆ ಎಂದರು. ಬೆಂಗಳೂರಿಗೆ ಹೋದ ಹೊಸತರಲ್ಲಿ ನೀನು ಬಾಯಿ ತೆರೆದ ಕೂಡಲೇ ಆಟೋದವನು "ಮಂಗಳೂರಿನವರೇ?" ಎಂದು ಕೇಳಿದ್ದು, ನೀನು ಗತ್ತಿನಿಂದ "ಅಲ್ಲ, ಉಡುಪಿ" ಎಂದದ್ದು ನೆನಪಿದೆಯೇ? ಪೇತ್ರನಿಗೆ ಆ ಗತ್ತು ಬರಲಿಲ್ಲ. ಆಣೆಯಿಟ್ಟು ಯೇಸುವನ್ನು ಅರಿಯೆ ಎಂದ. ಯೇಸುಸ್ವಾಮಿ ಮೊದಲೇ ಹೇಳಿದ್ದಂತೆ ಕೋಳಿ ಕೂಗಿತು.

ಇಲ್ಲಿ ಆ ಹುಡುಗನನ್ನು ಒಂದು ಮಾತು ಕೇಳು: ಈ ಸಂಗತಿ ನಮಗೆ ಹೇಗೆ ಗೊತ್ತಾಯಿತು? ಮಾರ್ಕನ ಸುವಾರ್ತೆಯನ್ನು ಓದಿದರೆ ಆ ಅಂಗಳದಲ್ಲಿ ಪೇತ್ರನನ್ನು ಬಿಟ್ಟು ನಮ್ಮವರೆಂಬವರು ಯಾರೂ ಕಾಣುವುದಿಲ್ಲ. ಮಾರ್ಕ ಪೇತ್ರನ ದುಭಾಷಿಯಾಗಿದ್ದ, ಅವನ ಬಾಯಿಂದ ಕೇಳಿದ್ದನ್ನೇ ಬರೆದಿಟ್ಟ ಎಂದು ಎರಡನೆಯ ಶತಮಾನದ ಬಿಷಪ್ ಪಾಪಿಯಾಸ್ ಹೇಳಿದ ಮಾತು ಉಳಿದುಬಂದಿದೆ. ನಾನದನ್ನು ನಂಬುತ್ತೇನೆ, ಮುಖ್ಯವಾಗಿ ಈ ಕೋಳಿಯ ಕಾರಣಕ್ಕೆ. ಆ ಸುವಾರ್ತೆ ಸುಮಾರು ಕ್ರಿ.ಶ. 70ರ ಹೊತ್ತಿನದು ಎನ್ನುತ್ತಾರೆ. ಅಷ್ಟರಲ್ಲಿ ಪೇತ್ರ ನೀರೋ ಚಕ್ರವರ್ತಿಯ ಕಾಲದಲ್ಲಿ ರೋಮಿನಲ್ಲಿ ಪ್ರಾಣ ಕೊಟ್ಟಿದ್ದ ಎಂಬುದು ಹಳೆಯ ಸಂಪ್ರದಾಯ. ಸಭೆಯ ಪಾಲಿಗೆ ಅವನು ಹುತಾತ್ಮ, ಹಿರಿಯ. ಅಂಥವನ ಬಗ್ಗೆ ಹೀಗೆ ಬರೆದಿಟ್ಟರು! ನಮ್ಮ ಸಭೆಯ ಸ್ಮರಣ ಸಂಚಿಕೆಗಳನ್ನು ತೆರೆದು ನೋಡು, ಸತ್ತವರೆಲ್ಲ ಸರಳರು, ಸಜ್ಜನರು, ಮಿತಭಾಷಿಗಳು. ನಿನ್ನ ದೊಡ್ಡಪ್ಪ ಮಿತಭಾಷಿಯಂತೆ!

ಉಳಿದವರ ವಿಷಯವನ್ನು ಉದ್ದಕ್ಕೆ ಎಳೆಯುವುದಿಲ್ಲ. ಪುನರುತ್ಥಾನವನ್ನು ಕೂಡಲೇ ನಂಬದ ಶಿಷ್ಯ ತೋಮನಿಗೆ ಸಂದೇಹದವನೆಂಬ ಹಣೆಪಟ್ಟಿ ಅಂಟಿಸಿ ಎರಡು ಸಾವಿರ ವರ್ಷವಾಯಿತು. ತೀರಿಕೊಂಡ ಗೆಳೆಯ ಲಾಜರನ ಊರಿಗೆ ಯೇಸುಸ್ವಾಮಿ ಹೋದರೆ ಕಲ್ಲೆಸೆದು ಕೊಲ್ಲುತ್ತಾರೆ ಎಂದು ಎಲ್ಲರೂ ಹಿಂಜರಿದಾಗ, "ನಡೆಯಿರಿ, ನಾವೂ ಹೋಗಿ ಅವರ ಜೊತೆ ಸಾಯೋಣ" ಎಂಬ ಅರ್ಥದ ಮಾತಾಡಿದವನೂ ಅವನೇ ಎಂಬುದನ್ನು ಯಾರೂ ಹೇಳುವುದಿಲ್ಲ. ನಾವು ಚೆನ್ನೈಗೆ ಹೋದಾಗ ಮೈಲಾಪುರದ ಸಾಂತೋಮ್ ದೇವಾಲಯದಲ್ಲಿ ಅವನ ಸಮಾಧಿಯೆಂದು ತೋರಿಸಿದ ಜಾಗದ ಮುಂದೆ ನೀನು ಐಸ್‌ಕ್ರೀಮಿಗೆ ಹಟ ಹಿಡಿದಿದ್ದೆ. ಪೌಲ ಮತ್ತು ಬಾರ್ನಬ ಒಬ್ಬ ಹುಡುಗನಿಗಾಗಿ ಜಗಳವಾಡಿ ಬೇರೆಯಾದರು. ಆ ಹುಡುಗನ ಹೆಸರೂ ಮಾರ್ಕ, ಪ್ರಯಾಣದ ನಡುವೆ ಪಂಫುಲ್ಯದಲ್ಲಿ ಕೈಬಿಟ್ಟು ಮನೆಗೆ ಹೋಗಿದ್ದವನು. ಪೌಲನ ಹೆಸರಿನಲ್ಲಿರುವ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ "ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ" ಎಂಬ ಸಾಲಿದೆ. ನಡುವೆ ಏನಾಯಿತೋ, ಯಾರು ಯಾರನ್ನು ಮೊದಲು ಮಾತನಾಡಿಸಿದರೋ. ಇನ್ನು ಯೇಸುಸ್ವಾಮಿಯನ್ನು ಹಿಡಿದುಕೊಟ್ಟ ಯೂದ. ಮೂವತ್ತು ಬೆಳ್ಳಿ ನಾಣ್ಯ ಹಿಂದಕ್ಕೆ ತಂದು "ತಪ್ಪು ಮಾಡಿದೆ" ಎಂದು ಪಶ್ಚಾತ್ತಾಪಪಟ್ಟವನಿಗೆ ಯಾಜಕರು "ಅದು ನಮಗೇನು, ನೀನೇ ನೋಡಿಕೋ" ಎಂದರು. ಅದನ್ನು ಓದಿದಾಗಲೆಲ್ಲ ನನಗೆ ಯೂದನಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬರುತ್ತದೆ. ಮಕ್ಕಳಿಗೆ ಇದನ್ನು ಹೇಳಬೇಕೋ ಬೇಡವೋ, ನೀನೇ ಯೋಚಿಸು.

ನಾನು ನಿಜವಾಗಿ ಬರೆಯಬೇಕೆಂದು ಕುಳಿತದ್ದು ಜೆಬೆದಾಯನ ಮನೆಯವರ ಬಗ್ಗೆ.

ಮೀನುಗಾರರು ಎಂದ ಕೂಡಲೇ ಬಡವರು ಎಂದು ಹೇಳಿಬಿಡಬೇಡ. ಮಲ್ಪೆಯಲ್ಲಿ ಕೈರಂಪಣಿ ಬಲೆ ಎಳೆಯುವವರೂ ಇದ್ದಾರೆ, ದೋಣಿಯ ಧಣಿಗಳೂ ಇದ್ದಾರೆ. ಜೆಬೆದಾಯ ಧಣಿಗಳ ಪೈಕಿ. ಯಾಕೋಬ, ಯೋಹಾನ ಇಬ್ಬರೂ ಅಪ್ಪನನ್ನು "ಕೂಲಿಯಾಳುಗಳ ಸಂಗಡ" ದೋಣಿಯಲ್ಲೇ ಬಿಟ್ಟು ಯೇಸುಸ್ವಾಮಿಯ ಹಿಂದೆ ಹೋದರು ಎಂದು ಮಾರ್ಕ ಬರೆಯುತ್ತಾನೆ. 1986ರಲ್ಲಿ ಬರಗಾಲ ಬಂದು ಗಲಿಲಾಯದ ಸರೋವರದ ನೀರು ತಗ್ಗಿದಾಗ ಕೆಸರಿನಲ್ಲಿ ಆ ಕಾಲದ ದೋಣಿಯೊಂದು ಸಿಕ್ಕಿತು. ಉದ್ದ 8 ಮೀಟರಿಗಿಂತ ತುಸು ಹೆಚ್ಚು, ಅಗಲ 2 ಮೀಟರಿಗಿಂತ ತುಸು ಹೆಚ್ಚು. ಅಂಥ ದೋಣಿ ಇದ್ದ ಮನೆಯ ಹುಡುಗರು ಎಂದಿಟ್ಟುಕೋ. ಸ್ವಭಾವ ಬೆಂಕಿ. ಯೇಸುಸ್ವಾಮಿಯೇ ಅವರಿಗೆ ಗುಡುಗಿನ ಮಕ್ಕಳು ಎಂದು ಅಡ್ಡಹೆಸರಿಟ್ಟಿದ್ದರು. ಸಮಾರ್ಯದ ಒಂದು ಹಳ್ಳಿಯಲ್ಲಿ ಉಳಿದುಕೊಳ್ಳಲು ಜಾಗ ಕೊಡಲಿಲ್ಲ ಎಂಬಷ್ಟಕ್ಕೇ, ಆಕಾಶದಿಂದ ಬೆಂಕಿ ಬೀಳಿಸಿ ಸುಟ್ಟುಬಿಡೋಣವೇ ಎಂದು ಕೇಳಿದವರು.

ಯೆರೂಸಲೇಮಿನ ದಾರಿಯಲ್ಲಿ ಯೇಸುಸ್ವಾಮಿ ತಮ್ಮ ಸಾವಿನ ವಿಷಯ ಮೂರನೆಯ ಸಲ ಹೇಳಿ ಮುಗಿಸಿದ್ದರು, ಅಷ್ಟೇ. ಆಗ ಬಂತು ಬೇಡಿಕೆ: ನಿಮ್ಮ ರಾಜ್ಯದಲ್ಲಿ ಒಬ್ಬನಿಗೆ ಬಲಗಡೆ, ಒಬ್ಬನಿಗೆ ಎಡಗಡೆ ಜಾಗ ಬೇಕು. ಮಾರ್ಕನಲ್ಲಿ ಅಣ್ಣತಮ್ಮಂದಿರೇ ಬಾಯಿ ಬಿಟ್ಟು ಕೇಳುತ್ತಾರೆ. ಮತ್ತಾಯನಲ್ಲಿ ತಾಯಿ ಬಂದು ಅಡ್ಡಬಿದ್ದು ಕೇಳುತ್ತಾಳೆ. ಮಕ್ಕಳ ಆಸೆಯನ್ನು ಅಮ್ಮನ ಸೆರಗಿಗೆ ಗಂಟು ಹಾಕುವುದು ಇಂದಿನದಲ್ಲ! ಆದರೆ ಯೇಸುಸ್ವಾಮಿ ಅವಳಿಗೆ ಉತ್ತರ ಕೊಡುವುದಿಲ್ಲ, ಹಿಂದೆ ನಿಂತಿದ್ದ ಮಕ್ಕಳಿಗೇ ಕೊಡುತ್ತಾರೆ: "ನಾನು ಕುಡಿಯಲಿರುವ ಪಾತ್ರೆಯಲ್ಲಿ ಕುಡಿಯುವುದು ನಿಮ್ಮಿಂದ ಆದೀತೇ?" "ಆಗುತ್ತದೆ" ಎಂದರು, ಎರಡನೆಯ ಯೋಚನೆಯೇ ಇಲ್ಲದೆ. ಇದನ್ನು ಕೇಳಿ ಉಳಿದ ಹತ್ತು ಮಂದಿಗೆ ಸಿಟ್ಟು ಬಂತು. ಯಾಕೆ ಬಂತೆಂದು ನನಗೆ ಗೊತ್ತು. ತಮ್ಮಲ್ಲಿ ಯಾರು ದೊಡ್ಡವರು ಎಂದು ಕಪೆರ್ನೌಮಿನ ದಾರಿಯಲ್ಲಿ ಎಲ್ಲರೂ ಸೇರಿ ವಾದ ಮಾಡಿದವರೇ ಅಲ್ಲವೇ? ಇವರಿಬ್ಬರು ಮೊದಲು ಹೋಗಿ ಕೇಳಿಬಿಟ್ಟರಲ್ಲ ಎಂಬ ಸಂಕಟ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ನಿನಗೆ ಒಂಬತ್ತು ವರ್ಷವಾಗಿದ್ದಾಗ ಕ್ರಿಸ್ಮಸ್ ನಾಟಕದಲ್ಲಿ ನಿನಗೆ ಮರಿಯಳ ಪಾತ್ರ ಸಿಕ್ಕಿತಲ್ಲ, ಅದು ತಾನಾಗಿ ಸಿಕ್ಕಿದ್ದಲ್ಲ. ನಾಟಕ ಮಾಡಿಸುತ್ತಿದ್ದವರ ಮನೆಗೆ ನಾನು ಒಂದು ಡಬ್ಬ ಚಕ್ಕುಲಿ, ಒಂದು ಬಾಟಲಿ ಮಾವಿನ ಉಪ್ಪಿನಕಾಯಿ ಹಿಡಿದುಕೊಂಡು ಹೋಗಿದ್ದೆ. "ಹುಡುಗಿಗೆ ಆಸೆ" ಎಂದೆ. ಆಸೆ ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮರುದಿನ, ಮಾತೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಇನ್ನೊಂದು ಹುಡುಗಿಯನ್ನು ಕುರುಬರ ಸಾಲಿಗೆ ಹಾಕಿದರು. ನಾಟಕದ ರಾತ್ರಿ ನೀನು "ಇಗೋ" ಎಂದವಳೇ ನಿಂತುಬಿಟ್ಟೆ. "ನಾನು ಕರ್ತನ ದಾಸಿ" ಎಂದು ಮೆಲ್ಲಗೆ ಎತ್ತಿಕೊಟ್ಟದ್ದು ಕುರುಬರ ಸಾಲಿನಿಂದ. ತಲೆಗೆ ಬೈರಾಸು ಕಟ್ಟಿಕೊಂಡಿದ್ದ ಆ ಮಗುವಿನ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಇಷ್ಟು ವರ್ಷ ಪಪ್ಪನಿಗೂ ಹೇಳಿಲ್ಲ.

ಅದಕ್ಕೇ ಇರಬೇಕು, ಮತ್ತಾಯನ ಇಪ್ಪತ್ತೇಳನೆಯ ಅಧ್ಯಾಯವನ್ನು ಶುಭ ಶುಕ್ರವಾರ ಓದುವಾಗ ನಾನು ಒಂದು ವಚನದಲ್ಲಿ ನಿಂತುಬಿಡುತ್ತೇನೆ. ಶಿಷ್ಯರೆಲ್ಲ ಬಿಟ್ಟು ಓಡಿಹೋದರು ಎಂದು ಮತ್ತಾಯ ಅದರ ಹಿಂದಿನ ಅಧ್ಯಾಯದಲ್ಲೇ ಬರೆದಾಗಿದೆ. (ಪ್ರೀತಿಯ ಶಿಷ್ಯನೊಬ್ಬ ಶಿಲುಬೆಯ ಬಳಿ ಇದ್ದ ಎನ್ನುವುದು ಯೋಹಾನನ ಸುವಾರ್ತೆ.) ದೂರದಲ್ಲಿ ನಿಂತು ನೋಡುತ್ತಿದ್ದ ಹೆಂಗಸರಲ್ಲಿ ಮಗ್ದಲದ ಮರಿಯಳು, ಇನ್ನೊಬ್ಬ ಮರಿಯಳು, ಮತ್ತೆ "ಜೆಬೆದಾಯನ ಮಕ್ಕಳ ತಾಯಿ". ಮಾರ್ಕನ ಪಟ್ಟಿಯಲ್ಲಿ ಆ ಜಾಗದಲ್ಲಿ ಸಲೋಮೆ ಎಂಬ ಹೆಸರಿದೆ, ಅವಳೇ ಇವಳು ಎನ್ನುತ್ತಾರೆ ಹಲವರು. ಮತ್ತಾಯ ಅವಳ ಹೆಸರು ಹೇಳಲಿಲ್ಲ, ಆದರೆ ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿದ. ಅವಳು ಬೇಡಿಕೊಂಡ ಆ ಬಲಗಡೆ, ಎಡಗಡೆ ಅವಳ ಕಣ್ಣೆದುರೇ ಇದ್ದವು. ಬಲಗಡೆ ಒಬ್ಬ ಕಳ್ಳ, ಎಡಗಡೆ ಒಬ್ಬ ಕಳ್ಳ.

ಆಗ ಅವಳ ಮನಸ್ಸಿನಲ್ಲಿ ಏನಿತ್ತೋ? ಸದ್ಯ, ನನ್ನ ಮಕ್ಕಳು ಅಲ್ಲಿಲ್ಲ ಎಂಬ ಸಮಾಧಾನ ಮೊದಲು ಬಂದಿರಬೇಕು. ನನಗಾದರೆ ಅದೇ ಬರುತ್ತಿತ್ತು. ಹಿರಿಯವನ ಪಾಲಿನ ಯಾತನೆಯ ಪಾತ್ರೆ ಬರಲು ಹೆಚ್ಚು ಕಾಲವೇನೂ ಬೇಕಾಗಲಿಲ್ಲ. ಕ್ರಿ.ಶ. 44ರಲ್ಲಿ ತೀರಿಕೊಂಡ ಅರಸ ಹೆರೋದ ಅಗ್ರಿಪ್ಪ, ಸಾಯುವುದಕ್ಕೆ ಮುಂಚೆ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಹನ್ನೆರಡು ಮಂದಿಯಲ್ಲಿ ಕೊಲೆಯಾದ ಮೊದಲಿಗ ಅವನು. ಅಪೊಸ್ತಲರ ಕೃತ್ಯಗಳಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಒಂದು ವಚನ. ತಾಯಿ ಆಗ ಬದುಕಿದ್ದಳೋ ಇಲ್ಲವೋ ಎಂದೂ ಬರೆದಿಲ್ಲ.

ಈ ಸಲ ಶುಭ ಶುಕ್ರವಾರಕ್ಕೆ ನಿನ್ನ ಮಕ್ಕಳಿಂದ ನಾಟಕ ಮಾಡಿಸುತ್ತೇನೆ ಎಂದೆಯಲ್ಲ. ಪೇತ್ರನ ಪಾತ್ರವನ್ನು ಪ್ರಶ್ನೆ ಕೇಳಿದ ಆ ಹುಡುಗನಿಗೇ ಕೊಟ್ಟು ನೋಡು. ಕೊನೆಯ ದೃಶ್ಯದಲ್ಲಿ ದೂರದಲ್ಲಿ ನಿಂತು ನೋಡುವ ಒಬ್ಬ ಹೆಂಗಸು ಇರಲಿ. ಆ ಪಾತ್ರಕ್ಕೆ ಮಾತಿಲ್ಲ, ಮಕ್ಕಳು ಯಾರೂ ಬೇಕೆನ್ನುವುದಿಲ್ಲ. ಯಾರೂ ಸಿಗದಿದ್ದರೆ ನಾನೇ ರಾತ್ರಿ ಬಸ್ಸು ಹತ್ತಿ ಬಂದು ನಿಲ್ಲುತ್ತೇನೆ. ಉಪ್ಪಿನಕಾಯಿ ತರುತ್ತೇನೆ, ಆದರೆ ಅದು ನಿನಗೆ ಮಾತ್ರ.

ನಿನ್ನ,
ಅಮ್ಮ