ಬಿಡಿಭಾಗ ಬಿಟ್ಟು ಟಿವಿ ಹಿಡಿದ ಡಿಕ್ ಸ್ಮಿತ್

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದ ಡಿಕ್ ಸ್ಮಿತ್ ಎಲೆಕ್ಟ್ರಾನಿಕ್ಸ್ ಮುಚ್ಚಿದ್ದಕ್ಕೆ ಆನ್‌ಲೈನ್ ಮಾರಾಟವೊಂದನ್ನೇ ದೂರುವುದು ಸರಿಯಲ್ಲ. 1968ರಲ್ಲಿ ಸಿಡ್ನಿಯಲ್ಲಿ ಶುರುವಾದ ಈ ಅಂಗಡಿಯ ಬಲವೆಲ್ಲ ಬಿಡಿಭಾಗಗಳಲ್ಲಿತ್ತು: ರೆಸಿಸ್ಟರ್, ಕೆಪಾಸಿಟರ್, ಬೆಸುಗೆ ತಂತಿ, ಮನೆಯಲ್ಲೇ ಜೋಡಿಸುವ ಕಿಟ್. 1980ರ ದಶಕದಲ್ಲಿ ಒಡೆತನ ವೂಲ್ವರ್ತ್ಸ್ ಎಂಬ ಸೂಪರ್‌ಮಾರ್ಕೆಟ್ ಕಂಪನಿಗೆ ಹೋಯಿತು. ಕ್ರಮೇಣ ಬಿಡಿಭಾಗಗಳ ಜಾಗವನ್ನು ಟಿವಿ, ಫೋನು ಆಕ್ರಮಿಸಿದವು. ಅವು ಎಲ್ಲೆಡೆ ಸಿಗುವ ಸರಕು, ಲಾಭಾಂಶವೂ ತೆಳು. ನನ್ನ ಪ್ರಕಾರ ಅಂಗಡಿ ಸೋತದ್ದು ಅಲ್ಲೇ. 2015ರ ನವೆಂಬರಿನಲ್ಲಿ ಕಂಪನಿ ತನ್ನ ದಾಸ್ತಾನಿನ ಮೌಲ್ಯವನ್ನು ಸುಮಾರು 6 ಕೋಟಿ ಡಾಲರ್ ಇಳಿಸಿತು. 2016ರ ಜನವರಿಯಲ್ಲಿ ರಿಸೀವರುಗಳ, ಅಂದರೆ ಸಾಲ ಕೊಟ್ಟವರ ಪರವಾಗಿ ಆಸ್ತಿ ವಶಕ್ಕೆ ಪಡೆಯುವವರ, ಕೈಸೇರಿತು. ಗಿಫ್ಟ್ ಕಾರ್ಡುಗಳಿಗೆ ಬೆಲೆಯಿಲ್ಲದಂತಾಯಿತು, ಏಕೆಂದರೆ ಕಾರ್ಡುದಾರರು ಭದ್ರತೆಯಿಲ್ಲದೆ ಸಾಲ ಕೊಟ್ಟವರ ಜೊತೆ ಸರದಿಯ ಹಿಂದೆ ನಿಲ್ಲಬೇಕು. ಹಾಗಾಗಿ ಯಾವ ಅಂಗಡಿಯದಾದರೂ ಕಾರ್ಡನ್ನು ಬೇಗ ಬಳಸಿಬಿಡಿ.

ಬಿಡಿಭಾಗಗಳು ಇಂದಿಗೂ ಆಸ್ಟ್ರೇಲಿಯಾದ ಜೇಕಾರ್ ಎಂಬ ಅಂಗಡಿಗಳಲ್ಲಿ ಸಿಗುತ್ತವೆ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಕೆಪಾಸಿಟರಿನ ಮೈಕ್ರೋಫ್ಯಾರಡ್ (ವಿದ್ಯುತ್ ಹಿಡಿದಿಡುವ ಸಾಮರ್ಥ್ಯದ ಅಳತೆ) ಅಷ್ಟೇ ಹೊಂದಿದರೆ ಸಾಲದು. ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಕಾಲುಗಳ ಅಂತರ, ಎತ್ತರವನ್ನೂ ಅಳೆಯಿರಿ, ಇಲ್ಲವಾದರೆ ಬೋರ್ಡಿನಲ್ಲಿ ಕೂರುವುದಿಲ್ಲ. ಹೊರದೇಶದಿಂದ ತರಿಸುವ ಚಾರ್ಜರ್ ಮೇಲೆ ಆರ್‌ಸಿಎಂ ಗುರುತು (ಆಸ್ಟ್ರೇಲಿಯಾದ ನಿಯಮಗಳಿಗೆ ಹೊಂದುತ್ತದೆ ಎಂಬ ಮುದ್ರೆ) ಇದೆಯೇ ನೋಡಿ. ಹಿಂದೆ ಇದನ್ನೆಲ್ಲ ಕೌಂಟರಿನಾಚೆಯವರೇ ವಿಚಾರಿಸಿ ಕೊಡುತ್ತಿದ್ದರು.

– ಓದುಗ